ಹುಳು ಒಂದೇ, ಮನೆ ಬೇರೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ರೇಷ್ಮೆ ಹುಳುವನ್ನು ಕಾಣದ ವಿದ್ಯಾರ್ಥಿಗಳು ವಿರಳ. ಮೊಟ್ಟೆಯೊಡೆದ ಮರಿಗಳನ್ನು ಚಾಕಿ ಕೇಂದ್ರದಲ್ಲಿ ಸಾಕಿ, ಎರಡನೆಯ ಜ್ವರ ಕಳೆದ ಮೇಲೆ ರೈತರ ಮನೆಗೆ ಒಯ್ಯುವುದು ವಾಡಿಕೆ. ಚಾಕಿ ಹುಳುವಿಗೆ ಸುಮಾರು ೨೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ನೂರಕ್ಕೆ ೮೫ರಷ್ಟು ಆರ್ದ್ರತೆಯೂ ಬೇಕು. ಕೊನೆಯ ಹಂತದ ಹುಳುವಿಗೆ ೨೪ ಡಿಗ್ರಿ ಮತ್ತು ನೂರಕ್ಕೆ ೭೦ರಷ್ಟು ಹಿತ. ರೈತನು ಹುಳುವನ್ನು ತಿದ್ದಲಾರ. ಒದ್ದೆ ಗೋಣಿಯನ್ನು ಇಳಿಬಿಟ್ಟೋ, ಕಿಟಕಿ ತೆರೆದೋ ಮನೆಯ ಹವೆಯನ್ನು ತಿದ್ದುತ್ತಾನೆ.

ಗಣಕದ ಕ್ರಮವಿಧಿಯ ವಿಷಯವೂ ಹೀಗೆಯೇ. ಪ್ರಯೋಗಶಾಲೆಯಲ್ಲಿ ಬರೆದ ಜಾಲ ಅನ್ವಯವೊಂದನ್ನು ದೂರದ ಸರ್ವರ್ ಯಂತ್ರದಲ್ಲಿ ನೆಲೆಗೊಳಿಸುವಾಗ ಕ್ರಮವಿಧಿ ಬದಲಾಗಕೂಡದು. ಬದಲಾಗಬೇಕಾದದ್ದು ಅದರ ಸುತ್ತಣ ವಿವರಗಳು: ದತ್ತಾಂಶಕೋಶ ಎಲ್ಲಿದೆ, ಅದರ ಗುಪ್ತಪದ ಯಾವುದು, ಯಾವ ಪೋರ್ಟಿನಲ್ಲಿ ಕರೆಗಳನ್ನು ಕೇಳಬೇಕು, ಎಂಬಿವು. ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು. ಹುಳು ಬೆಳೆಯುತ್ತದೆ, ಕ್ರಮವಿಧಿ ತಾನಾಗಿ ಬೆಳೆಯದು.

ಈ ವಿವರಗಳನ್ನು ಹೊರಗಿನಿಂದ ಒದಗಿಸುವ ಉಪಾಯವೇ ಎನ್ವಿರಾನ್ಮೆಂಟ್ ವೇರಿಯಬಲ್. ಕನ್ನಡದಲ್ಲಿ ಪರಿಸರದ ಚರಗಳೆನ್ನೋಣ. ಬೆಲ್ ಪ್ರಯೋಗಶಾಲೆಯ ಯುನಿಕ್ಸ್ ವ್ಯವಸ್ಥೆಯ ೭ನೆಯ ಆವೃತ್ತಿಯಲ್ಲಿ, ೧೯೭೯ರಲ್ಲಿ, ಇವು ಬಳಕೆಗೆ ಬಂದವು. ಪ್ರತಿಯೊಂದು ಚರಕ್ಕೂ ಒಂದು ಹೆಸರು, ಒಂದು ಬೆಲೆ. ಕ್ರಮವಿಧಿಯೊಂದು ಓಡಲು ತೊಡಗುವಾಗ, ಅದನ್ನು ಹುಟ್ಟಿಸಿದ ಕ್ರಮವಿಧಿಯಿಂದ ಈ ಪಟ್ಟಿಯ ನಕಲೊಂದು ಅದಕ್ಕೆ ಬರುತ್ತದೆ. ನಕಲೆಂಬುದನ್ನು ವಾಚಕರು ಗಮನಿಸಬೇಕು. ಮೂಲವನ್ನು ಆಮೇಲೆ ತಿದ್ದಿದರೆ ಓಡುತ್ತಿರುವ ಕ್ರಮವಿಧಿಗೆ ಅದು ತಿಳಿಯದು. ನಿಲ್ಲಿಸಿ ಮತ್ತೆ ಆರಂಭಿಸಬೇಕು.

ನಮ್ಮ ವಿದ್ಯಾರ್ಥಿಗಳು ರೇಷ್ಮೆಗೂಡಿನ ಧಾರಣೆಯನ್ನು ತೋರಿಸುವ ಪುಟವೊಂದನ್ನು ರಚಿಸಿದ್ದರು. ಪ್ರಯೋಗಶಾಲೆಯಲ್ಲಿ ದೋಷವೇನೂ ಕಾಣಲಿಲ್ಲ. ಸರ್ವರಿನಲ್ಲಿ ನೆಲೆಗೊಳಿಸಿದ ಕೆಲವು ದಿನಗಳಿಗೆ, ಮಾಗಡಿಯ ಕಡೆಯ ಹುಡುಗನೊಬ್ಬ ಬಂದು, "ಸಾರ್, ನಮ್ಮ ತಂದೆಯವರು ಬೆಳಗಿನ ಜಾವ ಐದಕ್ಕೆ ನೋಡಿದರೆ ನಿನ್ನೆಯ ಧಾರಣೆ ಎಂದು ಮೊನ್ನೆಯದು ಬರುತ್ತಿದೆ" ಎಂದ. ಇದು ನಗುವ ಮಾತಲ್ಲ. ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತುಮಾಡುವ ಮುನ್ನ ಮಾರಲೇಬೇಕು. ರಾಮನಗರಕ್ಕೆ ಒಯ್ಯುವುದೋ ಕನಕಪುರಕ್ಕೋ ಎಂಬುದನ್ನು ರೈತ ಆ ಹೊತ್ತಿನಲ್ಲೇ ನಿರ್ಧರಿಸಬೇಕು.

ಕಾರಣವನ್ನು ಹುಡುಕಲು ಒಂದು ಮಧ್ಯಾಹ್ನ ಹಿಡಿಯಿತು. ಭಾರತದ ಕಾಲವನ್ನು ಪೂರ್ವ ರೇಖಾಂಶ ೮೨ ೧/೨ ಡಿಗ್ರಿಗೆ ಗೊತ್ತುಮಾಡಿದೆ. ಡಿಗ್ರಿಗೆ ೪ ನಿಮಿಷದಂತೆ ೩೩೦ ನಿಮಿಷ, ಎಂದರೆ ಐದೂವರೆ ಗಂಟೆ, ನಾವು ವಿಶ್ವಕಾಲಕ್ಕಿಂತ ಮುಂದಿದ್ದೇವೆ. ಪ್ರಯೋಗಶಾಲೆಯ ಯಂತ್ರ ಭಾರತದ ಕಾಲದಲ್ಲಿತ್ತು, ಸರ್ವರು ವಿಶ್ವಕಾಲದಲ್ಲಿ. ನಮ್ಮಲ್ಲಿ ಬೆಳಗಿನ ಐದಾದಾಗ ಅಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ಆದ್ದರಿಂದ ಅದರ "ನಿನ್ನೆ" ನಮಗೆ ಮೊನ್ನೆ. ಐದೂವರೆಯ ನಂತರ ದೋಷ ಮಾಯವಾಗುತ್ತಿತ್ತು, ಹತ್ತಕ್ಕೆ ಕಾಲೇಜಿಗೆ ಬರುವ ನಮಗೆ ಅದು ಕಾಣಲು ಸಾಧ್ಯವೇ ಇರಲಿಲ್ಲ! ಟಿ ಜೆಡ್ ಎಂಬ ಚರಕ್ಕೆ ಏಷ್ಯಾ-ಕೋಲ್ಕತ್ತ ವಲಯದ ಹೆಸರನ್ನು ಕೊಟ್ಟು ಕ್ರಮವಿಧಿಯನ್ನು ಮತ್ತೆ ಆರಂಭಿಸಿದೆವು. ಕ್ಷಣಗಳನ್ನು ವಿಶ್ವಕಾಲದಲ್ಲೇ ದಾಖಲಿಸಿ, ತೋರಿಸುವಾಗ ಮಾತ್ರ ಭಾರತದ ಕಾಲಕ್ಕೆ ಪರಿವರ್ತಿಸುವುದು ಇದಕ್ಕಿಂತ ಉತ್ತಮವೆಂದು ನಮ್ಮ ಅಭಿಪ್ರಾಯ.

ಇನ್ನೊಂದು ತೊಡಕುಂಟು. ಚರದ ಬೆಲೆ ಯಾವಾಗಲೂ ಅಕ್ಷರಗಳ ಸಾಲೇ ಹೊರತು ಸಂಖ್ಯೆಯಲ್ಲ, ಸತ್ಯಾಸತ್ಯವೂ ಅಲ್ಲ. ದೋಷಶೋಧನೆಯನ್ನು ನಿಲ್ಲಿಸಲೆಂದು "ಫಾಲ್ಸ್" ಎಂದು ಬರೆದರೆ, ಪೈಥಾನ್ ಭಾಷೆಯಲ್ಲಿ ಆ ಸಾಲು ಖಾಲಿಯಲ್ಲವಾದ್ದರಿಂದ ಅದನ್ನು "ಹೌದು" ಎಂದೇ ಎಣಿಸಲಾಗುತ್ತದೆ. ಬೆಲೆಯನ್ನು ಓದಿದೊಡನೆ ಹೋಲಿಸಿ ಪರೀಕ್ಷಿಸತಕ್ಕದ್ದು.

ಗುಪ್ತಪದವನ್ನಂತೂ ಕ್ರಮವಿಧಿಯೊಳಗೆ ಬರೆಯಲೇಬಾರದು. ಗಿಟ್ ಭಂಡಾರಕ್ಕೆ ಒಮ್ಮೆ ಸೇರಿದ್ದನ್ನು ಮುಂದಿನ ಆವೃತ್ತಿಯಲ್ಲಿ ಅಳಿಸಿದರೂ ಹಳೆಯ ಆವೃತ್ತಿಯಲ್ಲಿ ಅದು ಉಳಿದಿರುತ್ತದೆ. ಹಾಗಾದಲ್ಲಿ ಗುಪ್ತಪದವನ್ನೇ ಬದಲಿಸಬೇಕು. ಅಗತ್ಯವಾದ ಚರವೊಂದು ಇಲ್ಲದಿದ್ದರೆ ಕ್ರಮವಿಧಿ ಆರಂಭದಲ್ಲೇ ಅದರ ಹೆಸರನ್ನು ಹೇಳಿ ನಿಲ್ಲುವಂತೆ ಬರೆಯುವುದು ಮೇಲು. ನಮ್ಮ ವಿದ್ಯಾರ್ಥಿಗಳ ಪುಟ ಈಗ ಕಾಲವಲಯದ ಹೆಸರಿಲ್ಲದೆ ಏಳುವುದೇ ಇಲ್ಲ.