ಊರಿನ ಆಕಾರ ಮತ್ತು ಊರಿನ ಗಾಳಿ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಒಂದೇ ಸೀಮೆಯ ಊರುಗಳಾದರೂ ಅವುಗಳ ಸ್ವರೂಪ ಬೇರೆ ಬೇರೆ. ಅರಸೀಕೆರೆಯು ರೈಲ್ವೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನಕ್ಕೆ ಹೋಗುವ ಹಳಿ ಇಲ್ಲಿ ಕವಲೊಡೆಯುತ್ತದೆ. ಬೇಲೂರು ಚೆನ್ನಕೇಶವ ದೇವಾಲಯದ ಸುತ್ತ ಬೆಳೆದ ಪಟ್ಟಣ. ಹಳೇಬೀಡು ದ್ವಾರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿ ಮೆರೆದು, ಇಂದು ಕೆರೆಯ ಬದಿಯ ಚಿಕ್ಕ ಊರಾಗಿ ಉಳಿದಿದೆ. 2011ರ ಜನಗಣತಿಯ ಪ್ರಕಾರ ಅರಸೀಕೆರೆಯಲ್ಲಿ ಸುಮಾರು 53 ಸಾವಿರ, ಬೇಲೂರಿನಲ್ಲಿ ಸುಮಾರು 22 ಸಾವಿರ ಜನರಿದ್ದರು. ಬೆಂಗಳೂರು ಮಹಾನಗರದಲ್ಲಿ ಸುಮಾರು 84 ಲಕ್ಷ. ದೊಡ್ಡ ನಗರದ ಗಾಳಿ ಮಲಿನ, ಚಿಕ್ಕ ಊರಿನ ಗಾಳಿ ನಿರ್ಮಲ ಎಂಬುದು ಸಾಮಾನ್ಯ ಭಾವನೆ. ಇದರಲ್ಲಿ ಸತ್ಯವಿದೆ, ಆದರೆ ಪೂರ್ಣ ಸತ್ಯವಿಲ್ಲ.

ಜನರು ಹೆಚ್ಚಿದಂತೆ ವಾಹನ, ಕಾರ್ಖಾನೆ, ಕಟ್ಟಡ ಕಾಮಗಾರಿಗಳೂ ಹೆಚ್ಚುತ್ತವೆ. ಮಹಾನಗರವನ್ನು ಹಾದುಹೋಗುವ ಗಾಳಿಯು ಒಂದು ಬಡಾವಣೆಯ ಹೊಗೆಯನ್ನು ಹೊತ್ತು, ಮುಂದಿನ ಬಡಾವಣೆಯ ಹೊಗೆಯನ್ನೂ ಕೂಡಿಸಿಕೊಳ್ಳುತ್ತದೆ. ಅರಸೀಕೆರೆಯಲ್ಲಾದರೋ ಗಾಳಿಯು ಬೇಗನೆ ಊರನ್ನು ದಾಟಿ ತೆಂಗಿನ ತೋಟಗಳನ್ನು ಸೇರುತ್ತದೆ. ಹೊಗೆ ಚದುರಲು ಬಯಲು ದೊರೆಯುತ್ತದೆ.

ಗಾತ್ರದಷ್ಟೇ ಮುಖ್ಯವಾದುದು ಊರಿನ ವಿನ್ಯಾಸ. ಮನೆಯಿಂದ ಕೆಲಸದ ಸ್ಥಳ 2 ಕಿಲೋಮೀಟರ್ ದೂರವಿದ್ದರೆ ನಡೆದೋ ಸೈಕಲ್ಲಿನಲ್ಲೋ ಹೋಗಬಹುದು. 20 ಕಿಲೋಮೀಟರ್ ಆದರೆ ವಾಹನ ಅನಿವಾರ್ಯ. ಆದುದರಿಂದ ಹರಡಿಕೊಂಡ ನಗರದಲ್ಲಿ ತಲೆಗೆ ಬೀಳುವ ಹೊಗೆಯ ಪಾಲು ಹೆಚ್ಚು. ಹಾಗೆಂದು ಒತ್ತೊತ್ತಾಗಿ ಕಟ್ಟುವುದೂ ನಿರಪಾಯವಲ್ಲ. ಕಿರಿದಾದ ಬೀದಿಯ ಎರಡೂ ಬದಿಗೆ ಎತ್ತರದ ಕಟ್ಟಡಗಳೆದ್ದರೆ ಗಾಳಿ ಒಳಗೆ ಸುಳಿಯದೆ ಹೊಗೆ ಅಲ್ಲಿಯೇ ಸುತ್ತುತ್ತದೆ. ಅದನ್ನು ಉಸಿರಾಡುವವರೂ ಅಲ್ಲಿ ಅಧಿಕ. ಮನೆ, ಶಾಲೆ, ಮಾರುಕಟ್ಟೆಗಳು ಹತ್ತಿರವಿದ್ದು, ಬಸ್ಸು ರೈಲುಗಳ ಸೌಕರ್ಯವಿದ್ದು, ನಡುವೆ ಕೆರೆ, ಮೈದಾನ, ಮರಗಳಿಗೆ ಎಡೆಯಿರುವ ಊರೇ ಉತ್ತಮ.

ಚಿಕ್ಕ ಊರುಗಳಿಗೂ ತಮ್ಮದೇ ಆದ ತೊಂದರೆಗಳುಂಟು. ಲಾರಿಗಳ ಹೊಗೆ, ಮಣ್ಣು ರಸ್ತೆಗಳ ಧೂಳು, ಸೌದೆ ಒಲೆ, ಬೀದಿಯಲ್ಲಿ ಸುಡುವ ಕಸ ಇವು ಪ್ರಮುಖವಾದವು. ಚಳಿಗಾಲದ ರಾತ್ರಿ ನೆಲದ ಬಳಿಯ ಗಾಳಿ ತಣ್ಣಗಾಗಿ, ಮೇಲಿನ ಬೆಚ್ಚನೆಯ ಪದರ ಅದರ ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಆಗ ಅಲ್ಪ ಹೊಗೆಯೂ ಮೇಲೇರದೆ ಊರನ್ನು ಮುಸುಕುತ್ತದೆ. ಹೊಗೆಯಲ್ಲಿನ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು. 2009ರಲ್ಲಿ ಭಾರತ ನಿಗದಿಪಡಿಸಿದ ಮಿತಿ 40 ಮೈಕ್ರೋಗ್ರಾಂ.

ಮಲಿನ ಗಾಳಿ ಶಿಲೆಯನ್ನೂ ಬಿಡುವುದಿಲ್ಲ. ಆಗ್ರಾದ ತಾಜಮಹಲಿನ ಅಮೃತಶಿಲೆಗೆ ಹಾನಿಯಾಗುವುದನ್ನು ತಡೆಯಲು, ಸುತ್ತಲಿನ ಕಾರ್ಖಾನೆಗಳು ಕಲ್ಲಿದ್ದಲನ್ನು ತೊರೆಯಬೇಕು ಇಲ್ಲವೆ ಸ್ಥಳಾಂತರಗೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಆಜ್ಞಾಪಿಸಿತು. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ದೇವಾಲಯವೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ ಬಳಪದ ಕಲ್ಲಿನವು. ಈ ಕಲ್ಲು ಅಮೃತಶಿಲೆಯಂತೆ ಆಮ್ಲಕ್ಕೆ ಸುಲಭವಾಗಿ ಕರಗದು. ಆದರೂ ಅದರ ಸೂಕ್ಷ್ಮ ಕೆತ್ತನೆಯ ಸಂದುಗಳಲ್ಲಿ ಮಸಿಯೂ ಧೂಳೂ ಕೂರಬಲ್ಲವು. 2023ರಲ್ಲಿ ಇವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕೀರ್ತಿಯೊಡನೆ ಪ್ರವಾಸಿಗರೂ, ಅವರೊಡನೆ ವಾಹನಗಳೂ ಬರುತ್ತವೆ. ವಾಹನಗಳನ್ನು ದೂರದಲ್ಲಿಯೇ ನಿಲ್ಲಿಸುವ ಏರ್ಪಾಡು ಇಂತಹ ಊರುಗಳಿಗೆ ಅಗತ್ಯ.

ಕಟ್ಟಿ ಮುಗಿದ ಮಹಾನಗರದ ಬೀದಿಗಳನ್ನು ಅಗಲಿಸುವುದು, ಮುಚ್ಚಿದ ಕೆರೆಯನ್ನು ಮತ್ತೆ ತೆರೆಯುವುದು ಬಹು ಕಷ್ಟದ ಕೆಲಸ. ಬೆಳೆಯುತ್ತಿರುವ ಚಿಕ್ಕ ಪಟ್ಟಣಕ್ಕೆ ಆಯ್ಕೆಯ ಅವಕಾಶ ಇನ್ನೂ ಇದೆ. ಹೊಸ ಬಡಾವಣೆ ಎಲ್ಲಿರಬೇಕು, ಹೆದ್ದಾರಿ ಎಲ್ಲಿ ಹಾಯಬೇಕು, ಯಾವ ಬಯಲನ್ನು ಉಳಿಸಬೇಕು ಎಂಬ ಇಂದಿನ ನಿರ್ಧಾರಗಳೇ ಮುಂದಿನ ಪೀಳಿಗೆಯ ಉಸಿರನ್ನು ನಿರ್ಣಯಿಸುತ್ತವೆ.