ದಶಮಿಯಿಂದ ದ್ವಾದಶಿಯವರೆಗೆ: ಹೊಟ್ಟೆಗೆ ಬಿಡುವು ಕೊಡುವವರಿಗೆ ಕಿವಿಮಾತು

ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕನ್ನಡ ಮನೆಗಳಿಗೆ ಉಪವಾಸ ಹೊಸದಲ್ಲ. ಏಕಾದಶಿ, ಶಿವರಾತ್ರಿ, ಶ್ರಾವಣ ಸೋಮವಾರ, ರಂಜಾನಿನ ರೋಜಾ ಎಲ್ಲವೂ ಒಂದೇ ಓಣಿಯಲ್ಲಿ ನಡೆಯುತ್ತವೆ. ಈಗ ಹೈದರಾಬಾದಿನಿಂದ ರಜೆಗೆ ಬರುವ ಮಕ್ಕಳು ಮೊಬೈಲಿನಲ್ಲಿ ನೋಡಿ, ‘ಡಿಟಾಕ್ಸ್’ ಎಂದು ಮೂರು ದಿನ, ಏಳು ದಿನ ಬರೀ ರಸ ಕುಡಿದು ಇರುತ್ತೇವೆ ಅನ್ನುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ಹಿರಿಯರು ಏಕಾದಶಿಗೆ ಹಿಂದೊಂದು ದಿನ, ಮುಂದೊಂದು ದಿನ ಸೇರಿಸಿಯೇ ಕಟ್ಟಳೆ ಮಾಡಿದ್ದರು. ದಶಮಿಗೆ ಒಪ್ಪತ್ತು, ದ್ವಾದಶಿಗೆ ಪಾರಣೆ. ತಯಾರಿ ಇಲ್ಲದೆ ಶುರು ಮಾಡಿದವರೂ ಹದ ತಪ್ಪಿ ಮುಗಿಸಿದವರೂ ಹೆಚ್ಚು ತೊಂದರೆಗೆ ಬೀಳುತ್ತಾರೆ. ಅದಕ್ಕೇ ಈ ಮಾತು.

• ಮೈಯ ಕಶ್ಮಲ ತೆಗೆಯುವ ಕೆಲಸವನ್ನು ಲಿವರ್ ಮತ್ತು ಕಿಡ್ನಿ ಹಗಲೂ ರಾತ್ರಿ ಮಾಡುತ್ತಲೇ ಇರುತ್ತವೆ. ಯಾವ ರಸವೂ ಆ ಕೆಲಸವನ್ನು ಅವುಗಳಿಂದ ವಹಿಸಿಕೊಳ್ಳುವುದಿಲ್ಲ. ಎರಡು ಮೂರು ದಿನದಲ್ಲಿ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಊಟ ಶುರುವಾದರೆ ಮರಳಿ ಬರುತ್ತದೆ. ಕರಿದದ್ದು, ಸಿಹಿ, ಅಪರಾತ್ರಿಯ ಊಟ ಬಿಟ್ಟರೆ ಹೊಟ್ಟೆ ಹಗುರಾಗುತ್ತದೆ, ನಾಲಿಗೆ ಹಿಡಿತಕ್ಕೆ ಬರುತ್ತದೆ. ಅಷ್ಟು ಲಾಭಕ್ಕೆ ಮಾಡಿ, ಮೂರು ದಿನ ದಾಟಿಸಬೇಡಿ.

• ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಕಿಡ್ನಿ ಕಾಯಿಲೆಯವರು, ಇನ್ಸುಲಿನ್ ತಗೊಳ್ಳುವವರು, ಟಿಬಿ ಔಷಧಿಯಲ್ಲಿರುವವರು, ರಕ್ತಹೀನತೆ ಇರುವವರು ಉಪವಾಸಕ್ಕೆ ಕೈ ಹಾಕಬಾರದು. ಉಪವಾಸ ಬಿಟ್ಟರೆ ಭಕ್ತಿ ಕಡಿಮೆಯಾಗುತ್ತದೆ ಎಂದು ಕೊರಗಬೇಡಿ. ಏಕಾದಶಿಯ ಕಟ್ಟುಪಾಡೇ ಎಂಟು ವರ್ಷದೊಳಗಿನವರನ್ನೂ ಎಂಬತ್ತು ದಾಟಿದವರನ್ನೂ ಬಿಟ್ಟಿದೆ. ರೋಜಾದಲ್ಲೂ ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಇದೆ.

• ಗುಳಿಗೆಯ ವಿಷಯದಲ್ಲಿ ಮಾತ್ರ ಒಂದಿಷ್ಟೂ ಸಡಿಲ ಬೇಡ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ದಿಢೀರನೆ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರು ಉಪವಾಸ ಇದ್ದರೆ ಸಕ್ಕರೆ ಅಷ್ಟೇನೂ ಏರದಿದ್ದರೂ ರಕ್ತ ಆಮ್ಲಮಯವಾಗಬಹುದು. ಹೊಟ್ಟೆನೋವು, ವಾಂತಿ, ಮೇಲುಸಿರು ಅದರ ಗುರುತು. ಬಿಪಿಗೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ನೀರೂ ಉಪ್ಪೂ ಇಳಿದು ತಲೆ ತಿರುಗುತ್ತದೆ. ಹಾಗಂತ ನೀವಾಗಿಯೇ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ. ಸ್ಟೆರಾಯ್ಡ್ ಅನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು. ಒಂದು ವಾರ ಮುಂಚೆ ಎಲ್ಲ ಗುಳಿಗೆಯ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ದವಾಖಾನೆಗೆ ಹೋಗಿ ತೋರಿಸಿ. ಹೆಸರು ನೆನಪಿಟ್ಟು ಹೇಳುತ್ತೇನೆ ಎಂದು ಹೊರಟರೆ ತಪ್ಪುತ್ತದೆ.

• ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವೆಲ್ಲ ನೇಯುವ ತಮ್ಮಂದಿರು, ತಂಗಿಯರು ಕೇಳಿ. ಸೊಂಟನೋವಿಗೆ ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಖಾಲಿ ಹೊಟ್ಟೆಗೆ ಬಿದ್ದರೆ ಜಠರ ಹುಣ್ಣಾಗುತ್ತದೆ. ನೀರೂ ಕಡಿಮೆಯಾಗಿದ್ದರೆ ಕಿಡ್ನಿಗೂ ಪೆಟ್ಟು. ಸೀರೆ ಒಪ್ಪಿಸುವ ಗಡುವು ಹತ್ತಿರ ಇರುವ ವಾರದಲ್ಲಿ ಉಪವಾಸ ಇಟ್ಟುಕೊಳ್ಳಬೇಡಿ.

• ನಮ್ಮ ಸೀಮೆಯ ಬಿಸಿಲು ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕಾರ್ತಿಕದಿಂದ ಮಾಘದವರೆಗಿನ ತಂಪು ದಿನಗಳನ್ನು ಆರಿಸಿಕೊಳ್ಳಿ. ಜ್ಯೇಷ್ಠದ ನಿರ್ಜಲ ಏಕಾದಶಿಗೆ ಹೊಲದ ಕೆಲಸ, ಗಾರೆ ಕೆಲಸ ಮಾಡುವವರು ನೀರು ಬಿಡಲೇಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ.

• ನಾಲ್ಕು ದಿನ ಮುಂಚಿನಿಂದ ಚಹಾವನ್ನು ದಿನಕ್ಕೆ ಒಂದೊಂದು ಕಪ್ಪು ಇಳಿಸುತ್ತಾ ಬನ್ನಿ. ಒಮ್ಮೆಲೇ ಬಿಟ್ಟರೆ ಬರುವ ತಲೆನೋವನ್ನು ‘ವಿಷ ಹೊರಗೆ ಬರ್ತಾ ಇದೆ’ ಎಂದು ತಿಳಿಯುವವರಿದ್ದಾರೆ. ಅದು ಚಹಾ ತಪ್ಪಿದ ತಲೆನೋವು. ಮಿರ್ಚಿ ಭಜಿ, ಖಾರದ ಚಟ್ನಿ, ಬೇಕರಿ ತಿಂಡಿ ಬಿಡಿ. ಜೋಳದ ನುಚ್ಚು, ಹೆಸರುಬೇಳೆ ತೊವ್ವೆ, ಬೇಯಿಸಿದ ಹೀರೇಕಾಯಿ, ಮಜ್ಜಿಗೆ ಸಾಕು. ಹಿಂದಿನ ದಿನ ದಶಮಿಯಂತೆ ಒಪ್ಪತ್ತು. ನಾಳೆ ಉಪವಾಸವೆಂದು ರಾತ್ರಿ ಹೊಟ್ಟೆ ಬಿರಿಯ ತಿನ್ನುವವರು ಮರುದಿನ ಹೆಚ್ಚು ಹಸಿಯುತ್ತಾರೆ, ಹುಳಿತೇಗಿನಿಂದಲೂ ನರಳುತ್ತಾರೆ.

• ‘ಹೊಟ್ಟೆ ತೊಳೆಯುತ್ತೇವೆ’ ಎಂದು ಔಡಲ ಎಣ್ಣೆ, ಸೋನಾಮುಖಿ ಕುಡಿದು ಭೇದಿ ಮಾಡಿಸಿಕೊಳ್ಳಬೇಡಿ. ನೀರು, ಉಪ್ಪು, ಪೊಟ್ಯಾಸಿಯಂ ಹರಿದುಹೋಗುತ್ತವೆ. ಅದರ ಮೇಲೆ ಉಪವಾಸ ಬಿದ್ದರೆ ಹೃದಯದ ಬಡಿತ ತಪ್ಪಬಹುದು.

• ಸೋರೆಕಾಯಿ ರಸ ಕುಡಿಯುವವರು ಮೊದಲು ಕಾಯಿಯ ಒಂದು ಚೂರು ನಾಲಿಗೆಗೆ ಇಡಿ. ಕಹಿ ಇದ್ದರೆ ಉಗುಳಿ, ಕಾಯಿಯನ್ನೇ ಎಸೆಯಿರಿ. ಸಕ್ಕರೆ, ನಿಂಬೆ ಬೆರೆಸಿ ಕುಡಿಯಬೇಡಿ. ಕಹಿ ಕೊಡುವ ಕುಕುರ್ಬಿಟಾಸಿನ್ ವಿಷದಿಂದ ರಕ್ತವಾಂತಿಯಾಗುತ್ತದೆ. 2010ರಲ್ಲಿ ದೆಹಲಿಯ ಒಬ್ಬ ವಿಜ್ಞಾನಿ ಇಂಥ ರಸ ಕುಡಿದು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೂ ಕಹಿ ರಸ ಕುಡಿಯಬಾರದೆಂದು ಎಚ್ಚರಿಸಿತು. ಪಾಲಕ್ ರಸವನ್ನೂ ಲೋಟಗಟ್ಟಲೆ ಕುಡಿಯಬೇಡಿ, ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಕೂರುತ್ತದೆ.

• ಉಪವಾಸದ ದಿನ ನೀರು, ತೆಳು ಮಜ್ಜಿಗೆ, ಗಂಜಿ, ಒಂದೆರಡು ಹಣ್ಣು ಗಂಟೆ ಗಂಟೆಗೆ ಸ್ವಲ್ಪ ಸ್ವಲ್ಪ ತಗೊಳ್ಳಿ. ಸಾಬೂದಾಣಿ ವಡೆ, ಕರಿದ ಶೇಂಗಾ ತಿಂದರೆ ಹೆಸರಿಗೆ ಮಾತ್ರ ಉಪವಾಸ. ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ. ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಸಮತಟ್ಟಾದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮನೆಯಲ್ಲಿ ಒಬ್ಬರೇ ಇರುವ ದಿನ ಉಪವಾಸ ಬೇಡ. ದೂರದ ಬೈಕ್ ಸವಾರಿಯೂ ಬೇಡ.

• ಕೈ ನಡುಗಿ ತಣ್ಣನೆ ಬೆವರಿದರೆ, ಮಾತು ತೊದಲಿದರೆ, ಎದೆ ಡವಡವ ಎಂದರೆ ಆ ಕ್ಷಣಕ್ಕೇ ವ್ರತ ಬಿಡಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷದ ಮೇಲೆ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

• ಗುರುಚರಿತ್ರೆಯ ಸಪ್ತಾಹ ಹಿಡಿದು ಕುರವಪುರಕ್ಕೆ ಹೋಗುವವರು ಗಮನಿಸಿ: ಅದು ಕೃಷ್ಣೆಯ ನಡುಗಡ್ಡೆ. ಪಂಚದೇವ ಪಹಾಡಿನ ಕಡೆಯಿಂದಾಗಲಿ ಆತ್ಕೂರಿನ ಕಡೆಯಿಂದಾಗಲಿ ದೋಣಿಯಲ್ಲೇ ದಾಟಬೇಕು, ಹೊಳೆ ತುಂಬಿದರೆ ದೋಣಿ ನಿಲ್ಲುತ್ತದೆ. ಗುಳಿಗೆ, ಓಆರ್‌ಎಸ್, ಬೆಲ್ಲ ಎರಡು ದಿನಕ್ಕೆ ಹೆಚ್ಚಿಗೇ ಕಟ್ಟಿಕೊಳ್ಳಿ. ಸಪ್ತಾಹದಲ್ಲಿ ಒಪ್ಪತ್ತು ಉಣ್ಣಲು ಅವಕಾಶವಿದೆ. ಆ ಊಟ ತಪ್ಪಿಸಬೇಡಿ.

• ಪಾರಣೆ ತಡ ಮಾಡಬೇಡಿ, ಜೋರೂ ಮಾಡಬೇಡಿ. ಬೆಳಿಗ್ಗೆ ನೀರು, ಮೆತ್ತನೆಯ ಅನ್ನ, ತೊವ್ವೆ, ಅಗಸೆ ಸೊಪ್ಪಿನ ಪಲ್ಯ ಅರ್ಧ ಹೊಟ್ಟೆ. ಹೋಳಿಗೆ ತುಪ್ಪ ಮರುದಿನಕ್ಕೆ ಇಡಿ. ಯಾರಾದರೂ ಹಟ ಹಿಡಿದು ಐದಾರು ದಿನ ಏನೂ ತಿನ್ನದೆ ಇದ್ದರೆ ಮನೆಯವರೇ ಉಣ್ಣಿಸಲು ಹೋಗಬೇಡಿ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡುಗಡೆಯಾದ, ಹಸಿವಿನಿಂದ ಸೊರಗಿದ್ದ ಎಷ್ಟೋ ಜನ ಊಟ ಸಿಕ್ಕ ಮೇಲೆ ಸತ್ತರು. ರಕ್ತದ ರಂಜಕ, ಪೊಟ್ಯಾಸಿಯಂ ಒಮ್ಮೆಲೇ ಇಳಿಯುವುದೇ ಕಾರಣ. ಅಂಥವರನ್ನು ನಾರಾಯಣಪೇಟೆ, ಗದ್ವಾಲದ ಜಿಲ್ಲಾ ಆಸ್ಪತ್ರೆಗೋ ಹತ್ತಿರವಾದರೆ ರಾಯಚೂರಿಗೋ ಕರೆದೊಯ್ದು, ರಕ್ತ ಪರೀಕ್ಷೆಯಾದ ಮೇಲೆ ವೈದ್ಯರ ಕಣ್ಣೆದುರೇ ಮೊದಲ ತುತ್ತು ಕೊಡಿಸಿ.