ಸಂಜೆ ಐದರ ಹಸಿವು: ಹದಿಹರೆಯದ ಮಕ್ಕಳಿರುವ ಮನೆಗೆ ಒಂಬತ್ತು ಸೂತ್ರಗಳು

ಮಕ್ಕಳು ಹೈಸ್ಕೂಲಿಗೆ ಕಾಲಿಟ್ಟ ವರ್ಷದಿಂದ ತಿಂಗಳ ಸಾಮಾನು ಇಪ್ಪತ್ತನೇ ತಾರೀಖಿಗೇ ತಳ ಕಾಣುತ್ತದೆ. ಮೂರು ದೋಸೆಗೆ ಏಳುತ್ತಿದ್ದವನಿಗೆ ಈಗ ಏಳು ಬೇಕು. ಆದರೆ ಉಪ್ಪಿಟ್ಟು ಬೇಡ, ಸೊಪ್ಪು ಬೇಡ, ನಿನ್ನೆಯ ಸಾರಂತೂ ಬೇಡವೇ ಬೇಡ. ಹೊಟ್ಟೆ ದೊಡ್ಡದಾಗಿದೆ, ಒಪ್ಪುವ ತಿಂಡಿಗಳು ಕಡಿಮೆಯಾಗಿವೆ, ಸಂಬಳ ಇದ್ದಷ್ಟೇ ಇದೆ. ಇಂಥ ಮನೆಗಳಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಕೆಲವು ದಾರಿಗಳು ಇಲ್ಲಿವೆ. ಎಲ್ಲವೂ ಒಟ್ಟಿಗೆ ಬೇಡ. ಮೊದಲ ಎರಡನ್ನು ಈ ವಾರವೇ ಶುರು ಮಾಡಿ.

1. ಹಸಿವನ್ನು ನಂಬಿ

"ಎಷ್ಟು ತಿಂತೀಯೋ!" ಎಂಬ ಮಾತು ಮೊದಲು ನಿಲ್ಲಬೇಕು. ಬೆಳವಣಿಗೆ ಭರದಲ್ಲಿರುವ ಹುಡುಗ ಒಂದೇ ವರ್ಷದಲ್ಲಿ ಒಂಬತ್ತು ಹತ್ತು ಸೆಂಟಿಮೀಟರ್ ಉದ್ದವಾಗುವುದುಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ ನೋಡಿ: 16ರಿಂದ 18 ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 3,320 ಕಿಲೊಕ್ಯಾಲರಿ ಬೇಕು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಅಪ್ಪನಿಗೆ 2,110 ಸಾಕು. ಮೈಮುರಿದು ದುಡಿಯುವ ಗಂಡಸಿಗೆ 3,470. ಅಂದರೆ ಮನೆಯ ಹುಡುಗ ಹೆಚ್ಚುಕಡಿಮೆ ಮೂಟೆ ಹೊರುವ ಆಳಿನಷ್ಟು ಉಣ್ಣಬೇಕಾದ ವಯಸ್ಸಿನಲ್ಲಿದ್ದಾನೆ. ಇದು ದುರಾಸೆಯಲ್ಲ, ಚಾಳಿಯೂ ಅಲ್ಲ. ಇದನ್ನು ಒಪ್ಪಿಕೊಂಡರೆ ಲೆಕ್ಕಾಚಾರವೇ ಬದಲಾಗುತ್ತದೆ. ಊಟ ಕಡಿಮೆ ಮಾಡಿಸುವುದು ಹೇಗೆ ಎಂಬ ಯೋಚನೆ ಬಿಟ್ಟು, ಅಷ್ಟು ಹಸಿವನ್ನು ಅಗ್ಗದ, ಗಟ್ಟಿ ಆಹಾರದಿಂದ ತುಂಬಿಸುವುದು ಹೇಗೆ ಎಂದು ಯೋಚಿಸತೊಡಗುತ್ತೀರಿ.

2. ಸಂಜೆ ಐದಕ್ಕೆ ಊಟದಂಥ ತಿಂಡಿ ಇಡಿ

ನನ್ನ ಪ್ರಕಾರ ತಿಂಗಳ ಆಹಾರದ ಖರ್ಚು ಕೈಮೀರುವುದು ಬೆಳಗಿನ ತಿಂಡಿಯಿಂದಲೂ ಅಲ್ಲ, ರಾತ್ರಿಯ ಊಟದಿಂದಲೂ ಅಲ್ಲ. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಮತ್ತು ಮನೆಗೆ ಬಂದ ಮೊದಲ ಅರ್ಧ ಗಂಟೆಯಲ್ಲಿ. ಬೇಕರಿಯ ಪಫ್ಸ್, ತಳ್ಳುಗಾಡಿಯ ಗೋಬಿ, ಚಿಪ್ಸ್ ಪೊಟ್ಟಣ, ಎರಡು ನಿಮಿಷದ ನೂಡಲ್ಸ್. ಒಂದೊಂದೂ ಇಪ್ಪತ್ತು ಮೂವತ್ತು ರೂಪಾಯಿಯದ್ದೇ. ದಿನಕ್ಕೆ ಮೂವತ್ತು ಎಂದರೂ ತಿಂಗಳಿಗೆ ಒಂಬೈನೂರು, ಇಬ್ಬರು ಮಕ್ಕಳಿಗೆ ಸಾವಿರದ ಎಂಟುನೂರು. ಇಷ್ಟು ತಿಂದರೂ ಏಳು ಗಂಟೆಗೆ ಮತ್ತೆ "ಅಮ್ಮಾ, ತಿನ್ನೋಕೆ ಏನಿದೆ?"

ಆ ಹೊತ್ತಿಗೆ ಎರಡು ಬಿಸ್ಕತ್ತು, ಒಂದು ಲೋಟ ಟೀ ಉತ್ತರವಲ್ಲ. ತಟ್ಟೆ ತುಂಬುವಂಥದ್ದು ಬೇಕು. ಮಧ್ಯಾಹ್ನದ ಅನ್ನ ಉಳಿದಿದ್ದರೆ ಕಡ್ಲೆಬೀಜ ಧಾರಾಳವಾಗಿ ಹಾಕಿದ ಚಿತ್ರಾನ್ನ. ಹುಬ್ಬಳ್ಳಿ–ಧಾರವಾಡದವರ ಗಿರ್ಮಿಟ್: ಮಂಡಕ್ಕಿ ಅಗ್ಗ, ಅದಕ್ಕೆ ಹುರಿಗಡಲೆ ಪುಡಿ, ಈರುಳ್ಳಿ, ಹುಣಸೆಹುಳಿಯ ಒಗ್ಗರಣೆ ಬಿದ್ದರೆ ಬೇಡ ಎನ್ನುವ ಮಕ್ಕಳು ಕಡಿಮೆ. ಹೆಸರುಕಾಳು ಅಥವಾ ಕಡಲೆಕಾಳಿನ ಉಸ್ಲಿ. ಬೇಯಿಸಿದ ಗೆಣಸು. ಬೆಳಗಿನ ಚಪಾತಿಗೆ ಮೊಟ್ಟೆ ಸವರಿ ಕಾಯಿಸಿ ಸುತ್ತಿಕೊಟ್ಟರೆ ಹೋಟೆಲಿನ ರೋಲು. ಬೆಲ್ಲ, ಹಾಲು ಕಲಸಿದ ರಾಗಿ ಹುರಿಹಿಟ್ಟು ಒಂದು ಬಟ್ಟಲು ತಿಂದರೆ ರಾತ್ರಿಯವರೆಗೆ ಯೋಚನೆಯಿಲ್ಲ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಬೆಳಿಗ್ಗೆಯೇ ಮಾಡಿ, ಮಕ್ಕಳ ಕಣ್ಣಿಗೆ ಬೀಳುವ ಜಾಗದಲ್ಲಿಡಿ. ಹಸಿದವರು ಡಬ್ಬಿ ಹುಡುಕುವುದಿಲ್ಲ, ಎದುರಿಗಿದ್ದದ್ದನ್ನು ತಿನ್ನುತ್ತಾರೆ. ಫ್ರಿಜ್ಜಿನೊಳಗಿನ ಉಸ್ಲಿ ಮೇಜಿನ ಮೇಲಿನ ಚಿಪ್ಸಿಗೆ ಸೋಲುತ್ತದೆ.

3. ಹಿಟ್ಟೊಂದು, ತಿಂಡಿ ಮೂರು

ರೇಷನ್ ಅಕ್ಕಿಯ ಅನ್ನಕ್ಕೆ ಮಕ್ಕಳು ಮುಖ ಸಿಂಡರಿಸಿದರೆ ಜಗಳ ಬೇಡ. ಅನ್ನಕ್ಕಿಂತ ಅದು ದೋಸೆಗೆ ಚೆನ್ನ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಮೊದಲ ದಿನ ಸೆಟ್ ದೋಸೆ, ಮರುದಿನ ತೆಳು ದೋಸೆ, ಮೂರನೇ ದಿನ ಹಿಟ್ಟು ಹುಳಿ ಬಂದಾಗ ಈರುಳ್ಳಿ, ಕ್ಯಾರೆಟ್ಟು, ಸಬ್ಬಸಿಗೆ ಸೊಪ್ಪು ಬೆರೆಸಿ ಪಡ್ಡು. ಕೊನೆಯ ಹಿಟ್ಟಿಗೆ ಎರಡು ಹಿಡಿ ರಾಗಿಹಿಟ್ಟು ಕಲಸಿದರೆ ಇನ್ನೊಂದು ಹೊತ್ತಿಗಾಗುತ್ತದೆ.

4. ಪ್ರೋಟೀನನ್ನು ಡಬ್ಬಿಯಿಂದಲ್ಲ, ಕಾಳಿನಿಂದ ಕೊಳ್ಳಿ

ಹದಿನೇಳರ ಹುಡುಗನಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಗೆ 46 ಗ್ರಾಂ ಪ್ರೋಟೀನ್ ಬೇಕು. ಅದು ಎಲ್ಲೆಲ್ಲಿದೆ ಎಂದು ತಿಳಿದಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ನೂರು ಗ್ರಾಂ ಕಡ್ಲೆಬೀಜದಲ್ಲಿ ಹತ್ತಿರಹತ್ತಿರ 25 ಗ್ರಾಂ, ಹುರುಳಿಕಾಳಿನಲ್ಲಿ ಸುಮಾರು 22, ಸೋಯಾ ಚಂಕ್ಸಿನಲ್ಲಿ 50ರಷ್ಟು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮೂರಿನ ದರ ಹಾಕಿ ಒಮ್ಮೆ ಭಾಗಿಸಿ ನೋಡಿ. ಕಾಳು, ಕಡ್ಲೆಬೀಜ, ಮೊಟ್ಟೆ ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಒಂದು ಕೆ.ಜಿ. ಕಾಳು ನೆನೆದು ಮೊಳಕೆ ಬಂದಾಗ ತೂಕ ಎರಡರಷ್ಟಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಹಾಲಿಗೆ ಹಾಕುವ ದುಬಾರಿ ಪುಡಿಯ ಬಗ್ಗೆ ಖಂಡಿತವಾಗಿ ಹೇಳುತ್ತೇನೆ: ಬಡ್ಜೆಟ್ಟು ಬಿಗಿಯಿದ್ದಾಗ ಮೊದಲು ಬಿಡಬೇಕಾದದ್ದು ಅದನ್ನೇ. ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಲ್ಲಿಡಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ನಮ್ಮ ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವ್ಯಾಖ್ಯೆಯೇ ಇಲ್ಲ. ಆ ದುಡ್ಡಿಗೆ ರಾಗಿ ತನ್ನಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಈ ವಯಸ್ಸಿಗೆ ದಿನಕ್ಕೆ ಬೇಕಾದ್ದು ಸಾವಿರ ಚಿಲ್ಲರೆ. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಟ್ಟರೆ ತಿಂಗಳಿಡೀ ಮಾಲ್ಟು.

5. ಬಸ್ಸಾರು ಮಾಡಿ

ಹಳೇ ಮೈಸೂರಿನ ಅಡುಗೆಮನೆ ಕಂಡುಕೊಂಡ ಈ ಜಾಣ್ಮೆಗೆ ಸಾಟಿಯಿಲ್ಲ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟು ಸಾರಿಗೆ, ಬೆಂದದ್ದು ಪಲ್ಯಕ್ಕೆ. ಒಂದು ಸಲದ ಗ್ಯಾಸಿನಲ್ಲಿ ಎರಡು ಅಡುಗೆ, ಚೆಲ್ಲಿಹೋಗುವ ಸಾರವೂ ಇಲ್ಲ. ಸೊಪ್ಪು ಆರಿಸಿ ತಟ್ಟೆಯಂಚಿಗೆ ಸರಿಸುವ ಮಕ್ಕಳಿರುವ ಮನೆಗೆ ಮಸ್ಸೊಪ್ಪು ಇನ್ನೂ ಒಳ್ಳೆಯದು. ಮಸೆದ ಸೊಪ್ಪನ್ನು ಆರಿಸುವುದು ಹೇಗೆ? ಉತ್ತರ ಕರ್ನಾಟಕದ ಮನೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಊಟ ತುಂಬಿಸುವ ಕೆಲಸ ಶೇಂಗಾ ಚಟ್ನಿಪುಡಿಯದ್ದು. ಜೋಳದ ರೊಟ್ಟಿಗೆ ಪುಡಿ, ಮೊಸರು ಇದ್ದರೆ ಪಲ್ಯ ಕಡಿಮೆಯಾದ ದಿನವೂ ಊಟ ಸೊರಗುವುದಿಲ್ಲ.

6. 'ಬೇಡ' ಎಂದದ್ದರ ಆಕಾರ ಬದಲಿಸಿ

ಹದಿನಾಲ್ಕರ ಮಕ್ಕಳೊಂದಿಗೆ ತಟ್ಟೆಯ ಮುಂದೆ ವಾದಕ್ಕಿಳಿದು ಗೆದ್ದವರಿಲ್ಲ. ಮುದ್ದೆ ಇಳಿಯದಿದ್ದರೆ ರಾಗಿ ರೊಟ್ಟಿ. ಉಪ್ಪಿಟ್ಟು ಎಂದರೆ ಓಡುವವರಿಗೆ ಅದೇ ರವೆಯಲ್ಲಿ ರವೆ ರೊಟ್ಟಿ. ಅನ್ನ–ಸಾರು ಬೇಸರವಾದರೆ ಅದೇ ಅನ್ನಕ್ಕೆ ಎರಡು ಮೊಟ್ಟೆ, ಈರುಳ್ಳಿ, ಮೆಣಸಿನಪುಡಿ ಹಾಕಿ ಗಾಡಿಯವನ ಹಾಗೆ ದೊಡ್ಡ ಉರಿಯಲ್ಲಿ ಎಗ್ ರೈಸ್. ಮಂಚೂರಿ ಬೇಕೇಬೇಕೆಂದರೆ ತಿಂಗಳಿಗೆರಡು ಸಲ ಎಲೆಕೋಸು ತುರಿದು ಮನೆಯಲ್ಲೇ ಮಾಡಿ, ಕೆಂಪು ಬಣ್ಣವಿಲ್ಲದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ ಎಂದು ಮಕ್ಕಳಿಗೂ ಹೇಳಿ. ಕಾರಣ ತಿಳಿದರೆ ಅವರೂ ಯೋಚಿಸುತ್ತಾರೆ.

ಜೊತೆಗೊಂದು ಒಪ್ಪಂದ: ಪ್ರತಿ ಮಗುವಿಗೂ ಎರಡು ತರಕಾರಿಗಳನ್ನು ಪೂರ್ತಿ ಬಿಡುವ ಹಕ್ಕು. ಹಾಗಲ, ಬದನೆ ಎಂದರೆ ಸರಿ, ಅವೆರಡು ಯಾವತ್ತೂ ಅವರ ತಟ್ಟೆಗೆ ಬೀಳುವುದಿಲ್ಲ. ಉಳಿದವನ್ನು ಒಂದು ಸೌಟು ತಿನ್ನಬೇಕು. ತಮ್ಮ ಮಾತಿಗೆ ಬೆಲೆಯಿದೆ ಎಂದು ಗೊತ್ತಾದ ಮೇಲೆ ಹಟ ತಾನಾಗಿ ಇಳಿಯುತ್ತದೆ.

7. ಮಗಳ ತಟ್ಟೆಯನ್ನು ನೋಡಿ

ಕೈ ಬಿಗಿಯಿರುವ ಮನೆಗಳಲ್ಲಿ ಮೊಟ್ಟೆ ಮೊದಲು ಮಗನಿಗೆ, ಉಳಿದರೆ ಮಗಳಿಗೆ ಎಂಬ ರೂಢಿ ಇನ್ನೂ ಹೋಗಿಲ್ಲ. ಅವಳೂ "ನಂಗೆ ಸಾಕಮ್ಮ" ಎಂದು ಎದ್ದುಬಿಡುತ್ತಾಳೆ, ಒಮ್ಮೊಮ್ಮೆ ದಪ್ಪಗಾದೇನೆಂಬ ಭಯದಿಂದ, ಒಮ್ಮೊಮ್ಮೆ ಪಾತ್ರೆಯಲ್ಲಿ ಎಷ್ಟಿದೆ ಎಂದು ನೋಡಿಯೇ. ಕಬ್ಬಿಣದಂಶ ಮಾತ್ರ ಅಣ್ಣನಿಗಿಂತ ಅವಳಿಗೇ ಹೆಚ್ಚು ಬೇಕು: 16ರಿಂದ 18ರ ಹುಡುಗನಿಗೆ ದಿನಕ್ಕೆ 26 ಮಿಲಿಗ್ರಾಂ, ಹುಡುಗಿಗೆ 32. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಓದುವಾಗ ನಿದ್ದೆ, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಸೋಮಾರಿತನ ಎನ್ನಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಖರ್ಚಿಲ್ಲದ ಎರಡು ಕೆಲಸಗಳಿವೆ. ಕಾಳು, ಸೊಪ್ಪಿನ ಊಟಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕೊಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆಯನ್ನು ಅವಳು ನುಂಗುತ್ತಾಳೋ ಎಸೆಯುತ್ತಾಳೋ ಕೇಳಿ. ಮೊಟ್ಟೆಗಳನ್ನು ಎಣಿಸಿ ಸಮನಾಗಿ ಬಡಿಸಿ.

8. ಲೆಕ್ಕವನ್ನು ಮಕ್ಕಳೆದುರು ಬಿಚ್ಚಿಡಿ

ದುಡ್ಡಿಲ್ಲ ಎಂದು ಗದರುವುದು ಬೇರೆ, ಇಷ್ಟಿದೆ ಎಂದು ತೋರಿಸುವುದು ಬೇರೆ. "ಈ ವಾರದ ಸಂಜೆ ತಿಂಡಿಗೆ ಇನ್ನೂರೈವತ್ತು. ಏನೇನು ತರಬೇಕು ನೀನೇ ಯೋಚಿಸು" ಎಂದು ಸಂತೆಗೆ ಕಳಿಸಿ. ಸಂತೆ ಮುಗಿಯುವ ಹೊತ್ತಿಗೆ ಸೊಪ್ಪು, ಟೊಮೆಟೊ ದರ ಇಳಿಯುವುದನ್ನು ಅವರೇ ಕಂಡುಕೊಳ್ಳಲಿ. ಮೊದಲ ವಾರ ಅರ್ಧ ದುಡ್ಡು ಐಸ್‌ಕ್ರೀಮಿಗೆ ಹೋದರೆ ಬೈಯಬೇಡಿ, ಗುರುವಾರಕ್ಕೆ ಮಂಡಕ್ಕಿ ಮುಗಿದಾಗ ಪಾಠ ಆಗಿರುತ್ತದೆ. ಹುಡುಗನಾಗಲಿ ಹುಡುಗಿಯಾಗಲಿ, ಎಸ್‌ಎಸ್‌ಎಲ್‌ಸಿ ಮುಗಿಯುವಷ್ಟರಲ್ಲಿ ಚಿತ್ರಾನ್ನ, ದೋಸೆ, ಬೇಳೆಸಾರು ಮಾಡಲು ಬರಬೇಕು.

9. ಪಿಯುಸಿ ಸೇರುವ ಮೊದಲೇ ಎರಡನೇ ಡಬ್ಬಿ ಕೊಳ್ಳಿ

ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಹತ್ತನೇ ತರಗತಿಯವರೆಗೆ ಮಧ್ಯಾಹ್ನದ ಬಿಸಿಯೂಟವಿದೆ, ಹಾಲೂ ಮೊಟ್ಟೆಯೂ ಸಿಗುತ್ತವೆ. ಪಿಯುಸಿಗೆ ಹೋದ ಕೂಡಲೇ ಅದು ನಿಲ್ಲುತ್ತದೆ, ಅದೂ ಹಸಿವು ತುತ್ತತುದಿಯಲ್ಲಿರುವ ವಯಸ್ಸಿನಲ್ಲಿ. ಬಿಸಿಯೂಟವನ್ನು ಕಾಲೇಜಿಗೂ ವಿಸ್ತರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಮನೆಯವರೇ ತಯಾರಾಗಬೇಕು. ಜೂನ್ ತಿಂಗಳ ಖರ್ಚಿನಲ್ಲಿ ಈ ಒಂದು ಹೊತ್ತಿನ ಊಟವನ್ನು ಈಗಲೇ ಸೇರಿಸಿಕೊಳ್ಳಿ.

ಏಳು ಗಂಟೆಯ ಬಸ್ಸು ಹಿಡಿಯುವ ಮಗುವಿಗೆ ಒಂದು ಡಬ್ಬಿ ಸಾಲದು. ಹನ್ನೊಂದಕ್ಕೆ ಬಿಡುವಿನಲ್ಲಿ ಅದು ಖಾಲಿಯಾಗುತ್ತದೆ, ಮಧ್ಯಾಹ್ನ ಕ್ಯಾಂಟೀನಿಗೆ ದುಡ್ಡು ಹೋಗುತ್ತದೆ. ಊರಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಅದರ ಜಾಗ, ಸಮಯ ತಿಳಿದುಕೊಳ್ಳಲಿ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು ರೂಪಾಯಿ ಇಟ್ಟದ್ದೇ ಇಂಥವರಿಗಾಗಿ, ಅಲ್ಲಿ ಉಣ್ಣುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಇಲ್ಲವಾದರೆ ಎರಡು ಡಬ್ಬಿ: ದೊಡ್ಡದರಲ್ಲಿ ಚಪಾತಿ–ಪಲ್ಯ ಅಥವಾ ಮೊಸರನ್ನ, ಚಿಕ್ಕದರಲ್ಲಿ ಬೇಯಿಸಿದ ಮೊಟ್ಟೆ, ಕಡ್ಲೆಬೀಜ–ಬೆಲ್ಲದ ಉಂಡೆ. ಉಂಡೆ ಒಂದು ಹೆಚ್ಚಿಗೆ ಇಡಿ. ಪಕ್ಕದಲ್ಲಿ ಕೂತ ಗೆಳೆಯನೂ ಹಸಿದಿರುತ್ತಾನೆ.